ಇನ್ನು ಮುಂದೆ ಎರಡು ಶನಿವಾರ ಕಿರುಚಿತ್ರ, ಸಾಕ್ಷ್ಯಚಿತ್ರ, ಸಂಗೀತ ಕಛೇರಿಯ ಸಿನಿಮಾ

ಧಾರವಾಡ

ನಮ್ಮ ಸಹಕಾರಿ ಚಿತ್ರ ಬಳಗದ ಸದಸ್ಯರಿಗೂ, ಶನಿವಾರ ಬಾಗಿಲಲ್ಲೇ ಟಿಕೆಟ್ ತಗೊಂಡು ಒಳಗೆ ಬರುವ ಗೆಳೆಯರಿಗೂ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಶನಿವಾರದ ಪ್ರದರ್ಶನಗಳಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಮೊದಲನೇ ಮತ್ತು ಮೂರನೇ ಶನಿವಾರ ಎಂದಿನಂತೆ ಪೂರ್ತಿ ಉದ್ದದ ಕಥಾಚಿತ್ರ ಇರುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ಬೇರೆ. ಆ ಸಂಜೆ ಮೊದಲು ಎರಡು ಮೂರು ಕಿರುಚಿತ್ರ, ಅದರ ಬೆನ್ನಿಗೆ ಒಂದು ಸಾಕ್ಷ್ಯಚಿತ್ರ, ಆಮೇಲೆ ಚಹಾ, ಚಹಾ ಆದಮೇಲೆ ಸಂಗೀತ ಕಛೇರಿಯ ಸಿನಿಮಾ. ಎಲ್ಲಕ್ಕೂ ಸೇರಿ ಒಂದೇ ಟಿಕೆಟ್. ಟಿಕೆಟ್ ದರವಾಗಲಿ ವಾರ್ಷಿಕ ಶುಲ್ಕವಾಗಲಿ ಹೆಚ್ಚಾಗುವುದಿಲ್ಲ. ಆದರೆ ಈ ಎರಡು ಶನಿವಾರ ಅರ್ಧ ಗಂಟೆ ಮೊದಲೇ, ಸರಿಯಾಗಿ ಆರು ಗಂಟೆಗೆ ಶುರು.

ಮಹಾಸಭೆಯಲ್ಲಿ ಈ ಮಾತು ಬಂದಾಗ ಹಲವರು ಒಂದೇ ಪ್ರಶ್ನೆ ಕೇಳಿದರು. “ದುಡ್ಡು ಕೊಟ್ಟು ಡಾಕ್ಯುಮೆಂಟರಿ ನೋಡಲಿಕ್ಕೆ ಯಾರು ಬರ್ತಾರ್ರೀ?” ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾಗಿ ಉತ್ತರ ಕೊಡಬೇಕು ಅಂತಲೇ ಈ ಪತ್ರ ಉದ್ದವಾಗಿದೆ. ಬಿಡುವು ಮಾಡಿಕೊಂಡು ಓದಿ.

ಕಥಾಚಿತ್ರಕ್ಕೆ ಜನರ ಹತ್ತಿರ ಹೋಗಲು ಹತ್ತು ದಾರಿ ಇವೆ. ಥಿಯೇಟರಿಗೆ ಬಂದದ್ದು ಕೆಲವು ವಾರದಲ್ಲಿ ಮನೆಯ ಟಿವಿಗೂ ಬರುತ್ತದೆ. ಹದಿನಾರು ನಿಮಿಷದ ಸಿನಿಮಾಕ್ಕೆ ಇಂಥ ದಾರಿಯೇ ಇಲ್ಲ. ಅದೊಂದಕ್ಕೆ ಯಾವ ಥಿಯೇಟರಿನವರೂ ಟಿಕೆಟ್ ಹರಿಯುವುದಿಲ್ಲ. ಚಿತ್ರೋತ್ಸವಗಳಲ್ಲಿ ಒಂದು ಸುತ್ತು ತಿರುಗುತ್ತದೆ, ಬಹುಮಾನ ಬಂದರೆ ಪೇಪರಿನಲ್ಲಿ ಸುದ್ದಿಯಾಗುತ್ತದೆ, ಅಲ್ಲಿಗೆ ಮುಗಿಯಿತು. ಆನ್‌ಲೈನಿನಲ್ಲಿ ಸಿಕ್ಕರೂ ನಾವು ನೋಡುವುದು ಫೋನಿನಲ್ಲಿ, ನಡುನಡುವೆ ಮೆಸೇಜಿಗೆ ಉತ್ತರ ಕೊಡುತ್ತಾ.

ಒಂದು ಉದಾಹರಣೆ ಕೊಡುತ್ತೇವೆ. ಮೈಸೂರಿನ ಚಿದಾನಂದ ಎಸ್. ನಾಯ್ಕ ಡಾಕ್ಟರಿಕೆ ಓದಿ, ಆಮೇಲೆ ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಸೇರಿದವರು. ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ಮಾಡಿದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ನಮ್ಮ ಕಡೆಯ ಅಜ್ಜಿಕತೆಯೇ ಅದರ ಬೇರು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಬೆಳಗಾಗದ ಊರಿನ ಕತೆ ಅಂದಮೇಲೆ ತೆರೆಯ ತುಂಬ ಕತ್ತಲೆ ಇರಲೇಬೇಕು, ಅಲ್ವಾ? ಅಂಥ ಚಿತ್ರವನ್ನು ಹಗಲು ಹೊತ್ತಿನಲ್ಲಿ ಫೋನಿನಲ್ಲಿ ಹಾಕಿ ನೋಡಿ. ಗಾಜಿನ ಮೇಲೆ ನಿಮ್ಮ ಮುಖವೇ ಜಾಸ್ತಿ ಕಾಣುತ್ತದೆ. ದೀಪ ಆರಿಸಿದ ಹಾಲಿನಲ್ಲಿ ದೊಡ್ಡ ತೆರೆಯ ಮೇಲೆ ಹಾಕಿದರೆ ಮಾತ್ರ ಆ ಕತ್ತಲೆಯೊಳಗೆ ಯಾರು ನಡೆಯುತ್ತಿದ್ದಾರೆ, ಯಾರು ನಿಂತಿದ್ದಾರೆ ಎಂಬುದು ಕಣ್ಣಿಗೆ ದಕ್ಕುತ್ತದೆ. ಕನ್ನಡದ ಸಿನಿಮಾ ಅಷ್ಟು ದೂರ ಹೋಗಿ ಗೆದ್ದು ಬಂದರೂ ಕನ್ನಡದ ಊರಿನವರು ಅದನ್ನು ಹಾಲಿನಲ್ಲಿ ಕೂತು ನೋಡಲು ದಾರಿ ಇಲ್ಲವೆಂದರೆ ನಮ್ಮಂಥ ಬಳಗ ಇರುವುದಾದರೂ ಯಾಕೆ?

ಕಿರುಚಿತ್ರ ಅಂದರೆ ದೊಡ್ಡ ಸಿನಿಮಾ ಮಾಡುವ ಮೊದಲಿನ ತಾಲೀಮು ಎಂದು ಬಹಳ ಮಂದಿ ತಿಳಿದಿದ್ದಾರೆ. ಕೊನೆಯಲ್ಲೊಂದು ಸಂದೇಶ ಇರಲೇಬೇಕು ಎಂದು ಕೆಲವರು ಮಾಡುವವರೇ ನಂಬಿದ್ದಾರೆ. ಎರಡನ್ನೂ ನಾವು ಒಪ್ಪುವುದಿಲ್ಲ. ಆಸ್ಕರ್‌ನವರ ಲೆಕ್ಕದಲ್ಲಿ ಹೆಸರುಗಳ ಪಟ್ಟಿಯೂ ಸೇರಿ ನಲವತ್ತು ನಿಮಿಷದೊಳಗೆ ಮುಗಿದದ್ದು ಕಿರುಚಿತ್ರ. ಆ ನಲವತ್ತು ನಿಮಿಷದಲ್ಲಿ ಒಂದು ಜೀವನವನ್ನೇ ತೋರಿಸಬಹುದು, ಒಂದೇ ಒಂದು ಮಧ್ಯಾಹ್ನವನ್ನೂ ತೋರಿಸಬಹುದು. ನಮಗೆ ಎರಡನೆಯ ಬಗೆಯವು ಹೆಚ್ಚು ಇಷ್ಟ.

ಹಾಗೆ ನೋಡಿದರೆ ಒಂದೇ ಟಿಕೆಟ್ಟಿಗೆ ಹಲವು ಚಿತ್ರ ತೋರಿಸುವುದು ಹೊಸ ಪದ್ಧತಿಯೇನಲ್ಲ. ನಮ್ಮ ದೇಶದಲ್ಲಿ ಸಿನಿಮಾ ಕಾಲಿಟ್ಟಿದ್ದೇ ಹೀಗೆ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದರು. ಆರು ಚಿತ್ರಗಳು, ಒಂದೊಂದೂ ಹೆಚ್ಚುಕಡಿಮೆ ಒಂದು ನಿಮಿಷದ್ದು. ಬಂದವರು ಒಂದೇ ಟಿಕೆಟ್ಟಿಗೆ ಆರನ್ನೂ ನೋಡಿ ಹೋದರು. ಮುಂದೆ 1948ರಲ್ಲಿ ಕೇಂದ್ರ ಸರ್ಕಾರದ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಷನ್ ಬಂತು. ಅವರ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಎಲ್ಲ ಟಾಕೀಸುಗಳೂ ಮುಖ್ಯ ಸಿನಿಮಾಕ್ಕೆ ಮೊದಲು ಹಾಕಲೇಬೇಕಿತ್ತು. ನಮ್ಮ ಹಿರಿಯ ಸದಸ್ಯರಿಗೆ ಆ ಕಪ್ಪುಬಿಳುಪಿನ ಪ್ರವಾಹ, ಅಣೆಕಟ್ಟು, ಕ್ರಿಕೆಟ್ಟು ಎಲ್ಲ ಚೆನ್ನಾಗಿ ನೆನಪಿದೆ. ಒಂದು ಗಂಭೀರ ದನಿ ಮೇಲಿನಿಂದ ಪಾಠ ಹೇಳುತ್ತಿತ್ತು. ಜನ ಆ ಹೊತ್ತಿಗೆ ಶೇಂಗಾ ತರಲು ಹೊರಗೆ ಹೋಗುತ್ತಿದ್ದರು. ಸಾಕ್ಷ್ಯಚಿತ್ರವೆಂದರೆ ಬೇಸರ ಎಂಬ ಭಾವನೆ ಅಲ್ಲಿಂದಲೇ ಬೆಳೆದದ್ದು ಎಂದು ನಮಗೆ ಅನಿಸುತ್ತದೆ. ಅದೇ ಸಂಸ್ಥೆ ಒಳ್ಳೆಯ ಚಿತ್ರಗಳನ್ನೂ ಮಾಡಿಸಿತು ಎಂಬುದು ಮರೆತೇ ಹೋಯಿತು. 2022ರಲ್ಲಿ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ವಿಲೀನವಾಯಿತು.

ಈಗಿನ ಸಾಕ್ಷ್ಯಚಿತ್ರಗಳು ಹಾಗಿಲ್ಲ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಮಾಡಿದ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಥಿಯೇಟರಿಗೇ ಬಂತು, ಮಕ್ಕಳನ್ನು ಕಟ್ಟಿಕೊಂಡು ಜನ ಹೋದರು. ಬಂಡೀಪುರದ ಗಡಿಗೆ ಅಂಟಿಕೊಂಡಿರುವ ಮುದುಮಲೆಯಲ್ಲಿ ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿ ಆನೆಮರಿಗಳನ್ನು ಸಾಕಿದ್ದನ್ನು ಕಾರ್ತಿಕಿ ಗೊನ್ಸಾಲ್ವಿಸ್ ‘ದ ಎಲಿಫೆಂಟ್ ವಿಸ್ಪರರ್ಸ್’ನಲ್ಲಿ ತೋರಿಸಿದರು. 2023ರಲ್ಲಿ ಅದಕ್ಕೆ ಆಸ್ಕರ್ ಬಂದದ್ದು ನಿಮಗೆ ಗೊತ್ತೇ ಇದೆ. ಇನ್ನು ನಮ್ಮ ಊರಿಗೆ ಬಂದರೆ, ಬೇಂದ್ರೆಯವರು ನಮ್ಮ ನಡುವೆ ಇದ್ದಾಗಲೇ ಗಿರೀಶ ಕಾರ್ನಾಡರು ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಮಲ್ಲಿಕಾರ್ಜುನ ಮನ್ಸೂರರ ಮೇಲೆ ನಂದನ್ ಕುಧ್ಯಾಡಿ ಮಾಡಿದ ‘ರಸಯಾತ್ರಾ’ ರಾಷ್ಟ್ರಪ್ರಶಸ್ತಿ ಪಡೆಯಿತು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕಬೀರನನ್ನು ಹಾಡಿದ ಬಗೆಯನ್ನು ಹುಡುಕಿಕೊಂಡು ಶಬನಂ ವಿರ್ಮಾನಿ ‘ಕೋಯಿ ಸುನತಾ ಹೈ’ ಮಾಡಿದರು. ಬೇಂದ್ರೆಯವರ ಪದ ಬಾಯಲ್ಲಿ, ಮನ್ಸೂರರ ತಾನ್ ಕಿವಿಯಲ್ಲಿ ಇಟ್ಟುಕೊಂಡು ಬೆಳೆದ ಊರು ಇದು. ಇವನ್ನು ನಾವು ಒಟ್ಟಿಗೆ ಕೂತು ನೋಡಬೇಡವೇ?

ಸಂಗೀತ ಕಛೇರಿಯ ಸಿನಿಮಾ ಅಂದರೆ ಏನು ಎಂದು ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದಾರೆ. ಕಾರ್ಯಕ್ರಮದ ರೆಕಾರ್ಡಿಂಗ್ ಅಲ್ಲವೇ ಎಂದರು. ಅಲ್ಲ. ನಮ್ಮಲ್ಲಿ ಕಛೇರಿಗಳನ್ನು ಹೇಗೆ ಚಿತ್ರೀಕರಿಸುತ್ತಾರೆ ಎಂಬುದು ನಿಮಗೇ ಗೊತ್ತು. ಗಾಯಕರು ತಾನ್ ಮುಗಿಸಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುವ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾ ಮುಂದಿನ ಸಾಲಿನ ಅತಿಥಿಗಳ ಕಡೆ ಹೊರಳಿರುತ್ತದೆ. ಸಂಗೀತ ಬಲ್ಲವರು ಚಿತ್ರ ತೆಗೆದರೆ ಕ್ಯಾಮೆರಾವೂ ತಾಳ ಹಾಕುತ್ತಾ ಕೂತಿರುತ್ತದೆ.

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಸಂಗೀತೋತ್ಸವವನ್ನು ಡಿ. ಎ. ಪೆನ್ನೆಬೇಕರ್ ಚಿತ್ರೀಕರಿಸಿದರು. ‘ಮಾಂಟೆರೆ ಪಾಪ್’ ಎಂಬ ಆ ಸಿನಿಮಾ ಮುಗಿಯುವುದು ರವಿಶಂಕರರ ಸಿತಾರಿನಿಂದ. ರಾಕ್ ಸಂಗೀತಗಾರ ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚುವುದೂ ಅದೇ ಸಿನಿಮಾದಲ್ಲಿದೆ. ಆದರೂ ಕೊನೆಯ ಜಾಗ ಕೊಟ್ಟದ್ದು ಸಿತಾರಿಗೆ. ಆ ಭಾಗ ಶುರುವಾದಾಗ ಬಹಳ ಹೊತ್ತು ರವಿಶಂಕರರು ಕಾಣುವುದೇ ಇಲ್ಲ. ಸಿತಾರ್ ಕೇಳುತ್ತಿರುತ್ತದೆ, ತೆರೆಯ ಮೇಲೆ ಕೇಳುಗರು. ಒಬ್ಬರು ಕಣ್ಣು ಮುಚ್ಚಿದ್ದಾರೆ, ಇನ್ನೊಬ್ಬರು ಸುಮ್ನೆ ಅಡ್ಡಾಡುತ್ತಿದ್ದಾರೆ. ಹೆಂಡ್ರಿಕ್ಸ್ ಕೂಡ ಜನರ ನಡುವೆ ಕೂತು ಕೇಳುತ್ತಿದ್ದಾರೆ. ಆಮೇಲೆ ನಿಧಾನಕ್ಕೆ ವೇದಿಕೆ, ಬೆರಳುಗಳು, ಅಲ್ಲಾ ರಖಾ ಅವರ ತಬಲಾ, ಅವರಿಬ್ಬರ ನಡುವಿನ ನಗು. ಲಯ ಏರುತ್ತಾ ಏರುತ್ತಾ ಹೋಗಿ ನಿಂತಾಗ ಇಡೀ ಜನ ಎದ್ದು ನಿಲ್ಲುತ್ತಾರೆ. ಹಿಂದುಸ್ತಾನಿ ಸಂಗೀತ ಗೊತ್ತಿರುವ ಊರಿನ ಜನ ಇದನ್ನು ನೋಡಿದರೆ ಎಲ್ಲಿ “ವಾಹ್” ಅನ್ನುತ್ತಾರೆ ಎಂದು ತಿಳಿಯುವ ಆಸೆ ನಮಗಿದೆ.

1983ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಟಾಕಿಂಗ್ ಹೆಡ್ಸ್ ಎಂಬ ರಾಕ್ ತಂಡದ ಕಾರ್ಯಕ್ರಮವನ್ನು ಜೊನಾಥನ್ ಡೆಮ್ಮಿ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಎಂಬ ಸಿನಿಮಾ ಮಾಡಿದರು. ಖಾಲಿ ವೇದಿಕೆಗೆ ಒಬ್ಬನೇ ಮನುಷ್ಯ ಟೇಪ್ ರೆಕಾರ್ಡರ್ ಹಿಡಿದು ಬರುತ್ತಾನೆ. ಮುಂದಿನ ಹಾಡಿಗೆ ಇನ್ನೊಬ್ಬರು, ಅದರ ಮುಂದಿನದಕ್ಕೆ ಮತ್ತೊಬ್ಬರು. ಹೀಗೆ ತಂಡ ನಮ್ಮ ಕಣ್ಣೆದುರೇ ಕಟ್ಟಿಕೊಳ್ಳುತ್ತದೆ. ಪ್ರೇಕ್ಷಕರನ್ನು ಕೊನೆಯವರೆಗೂ ಹೆಚ್ಚು ತೋರಿಸುವುದೇ ಇಲ್ಲ.

ಇನ್ನೊಂದರ ಕತೆ ಹೇಳಲೇಬೇಕು. 1972ರ ಜನವರಿಯಲ್ಲಿ ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಭಕ್ತಿಗೀತೆ ಹಾಡಿದರು. ಚಿತ್ರೀಕರಿಸಿದವರು ಸಿಡ್ನಿ ಪೊಲಾಕ್. ಶೂಟಿಂಗಿನಲ್ಲಿ ಟಪ್ ಅಂತ ಬಡಿಯುವ ಕ್ಲಾಪ್ ಬೋರ್ಡ್ ಇರುತ್ತದಲ್ಲ, ಆ ಸದ್ದನ್ನೂ ಹಲಗೆ ಕೂಡುವ ಚಿತ್ರವನ್ನೂ ಜೋಡಿಸಿಯೇ ದನಿ ಮತ್ತು ದೃಶ್ಯ ಒಂದಾಗುವಂತೆ ಮಾಡುತ್ತಾರೆ. ಅಲ್ಲಿ ಅದನ್ನು ಬಡಿದಿರಲಿಲ್ಲ. ರೀಲುಗಟ್ಟಲೆ ಚಿತ್ರ ಒಂದು ಕಡೆ, ಹಾಡು ಒಂದು ಕಡೆ. ಯಾವ ತುಟಿಗೆ ಯಾವ ಸ್ವರ ಎಂದು ಕೂಡಿಸಲಾಗದೆ ಸಿನಿಮಾ ಮೂಲೆಗೆ ಬಿತ್ತು. ಕಂಪ್ಯೂಟರಿನ ಕಾಲ ಬಂದಮೇಲೆ ನಿರ್ಮಾಪಕ ಅಲನ್ ಎಲಿಯಟ್ ಅದನ್ನು ಜೋಡಿಸಿದರು. ‘ಅಮೇಜಿಂಗ್ ಗ್ರೇಸ್’ ಹೊರಬಂದದ್ದು 2018ರಲ್ಲಿ. ಅಷ್ಟರಲ್ಲಿ ಪೊಲಾಕ್ ಹೋಗಿಬಿಟ್ಟಿದ್ದರು, ಫ್ರಾಂಕ್ಲಿನ್ ಅವರೂ ಅದೇ ವರ್ಷ ತೀರಿಕೊಂಡಿದ್ದರು. ಇಂಥ ಚಿತ್ರವನ್ನು ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡುವುದು ನಮಗೆ ಸರಿ ಕಾಣುವುದಿಲ್ಲ.

ಹಾಗಾಗಿ ಈ ವರ್ಷದ ಉಳಿತಾಯದ ಹಣವನ್ನು ಕುರ್ಚಿಗೆ ಹಾಕದೆ ಸೌಂಡಿಗೆ ಹಾಕಿದ್ದೇವೆ. ಪಕ್ಕದ ಗೋಡೆಗಳಿಗೆ ದಪ್ಪ ಪರದೆ ಬಂದಿದೆ, ಸ್ಪೀಕರುಗಳ ಜಾಗ ಬದಲಾಗಿದೆ. ಮಾತು ಗುಂಯ್ ಅನ್ನುವುದು ಬಹಳ ಕಡಿಮೆಯಾಗಿದೆ. ಕುರ್ಚಿಗಳು ಇನ್ನೊಂದು ವರ್ಷ ತಡೆದುಕೊಳ್ಳಲಿ.

ಮೇಲೆ ಹೆಸರಿಸಿದ ಚಿತ್ರಗಳೆಲ್ಲ ಬಂದೇ ಬರುತ್ತವೆ ಎಂದು ಮಾತು ಕೊಡಲು ಆಗುವುದಿಲ್ಲ. ಪ್ರತಿ ಚಿತ್ರಕ್ಕೂ ಅದರ ಹಕ್ಕುದಾರರಿಂದ ಅನುಮತಿ ತರಬೇಕು. ಸಂಗೀತದ ಚಿತ್ರಗಳದ್ದು ಇನ್ನೂ ತೊಡಕು. ಚಿತ್ರದ ಹಕ್ಕು ಒಬ್ಬರದು, ಹಾಡುಗಳ ಹಕ್ಕು ಇನ್ನೊಬ್ಬರದು. ಕಾಗದಪತ್ರ ನಡೆಯುತ್ತಿದೆ. ಅನುಮತಿ ಕೈಗೆ ಬಂದ ಚಿತ್ರದ ಹೆಸರನ್ನು ಮಾತ್ರ ಬಾಗಿಲಿನ ಫಲಕದಲ್ಲೂ ವಾಟ್ಸಾಪಿನಲ್ಲೂ ಹಾಕುತ್ತೇವೆ. ಕದ್ದ ಕಾಪಿ ತೋರಿಸುವುದಿಲ್ಲ. ಅದರಲ್ಲಿ ರಾಜಿ ಇಲ್ಲ.

ಬಾಗಿಲಿನ ನಿಯಮವೂ ಬದಲಾಗುತ್ತದೆ. ಕಥಾಚಿತ್ರಕ್ಕೆ ಹತ್ತು ನಿಮಿಷ ತಡವಾದರೆ ಹೆಸರುಗಳು ಹೋಗುತ್ತವೆ, ಕಿರುಚಿತ್ರಕ್ಕೆ ಹತ್ತು ನಿಮಿಷ ತಡವಾದರೆ ಸಿನಿಮಾವೇ ಹೋಗುತ್ತದೆ. ಅದಕ್ಕೇ ಒಂದು ಚಿತ್ರ ನಡೆಯುತ್ತಿರುವಾಗ ಯಾರನ್ನೂ ಒಳಗೆ ಬಿಡುವುದಿಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ವಲ್ಪ ದೀಪ ಹಾಕುತ್ತೇವೆ, ಆಗ ಬರಬಹುದು, ಹೋಗಬಹುದು. ಬರೀ ಸಂಗೀತ ಬೇಕು ಅನ್ನುವವರು ಚಹಾ ಹೊತ್ತಿಗೆ ಬಂದರೂ ಆಯಿತು. ಅವರಿಗೆ ಅರ್ಧ ಟಿಕೆಟ್.

ಇಂಗ್ಲಿಷ್ ಅಕ್ಷರ ಅಷ್ಟು ಬೇಗ ಓದಲಾಗುವುದಿಲ್ಲ ಎಂದು ಹಿರಿಯರು ಕೆಲವರು ಹೇಳಿದ್ದಾರೆ. ಹಕ್ಕುದಾರರು ಒಪ್ಪಿದ ಚಿತ್ರಗಳಿಗೆ ನಮ್ಮ ಬಳಗದ ಹುಡುಗ ಹುಡುಗಿಯರೇ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದಾರೆ. ಉಳಿದವಕ್ಕೆ ಒಂದು ಪುಟದ ಪರಿಚಯವನ್ನು ಕನ್ನಡದಲ್ಲಿ ಅಚ್ಚು ಹಾಕಿ ಬಾಗಿಲಲ್ಲೇ ಕೊಡುತ್ತೇವೆ. ಮಕ್ಕಳನ್ನು ಕರೆತರುವ ಮೊದಲು ಫಲಕದಲ್ಲಿ ಆ ಸಂಜೆಯ ಚಿತ್ರಗಳ ಸರ್ಟಿಫಿಕೇಟ್ ನೋಡಿಕೊಳ್ಳಿ.

ನಮ್ಮ ಭಾಗದಲ್ಲಿ ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡಿಟ್ಟುಕೊಂಡವರು ಬಹಳ ಜನ ಇದ್ದಾರೆ. ನಿಮ್ಮ ಚಿತ್ರ ನಲವತ್ತು ನಿಮಿಷದೊಳಗಿದ್ದರೆ ಪೆನ್‌ಡ್ರೈವಿನಲ್ಲಿ ತಂದು ಕಚೇರಿಯಲ್ಲಿ ಕೊಡಿ. ಮೂರು ಜನ ಸದಸ್ಯರು ಪೂರ್ತಿ ನೋಡಿ, ತಗೊಂಡರೂ ಬಿಟ್ಟರೂ ಕಾರಣ ಬರೆದು ತಿಳಿಸುತ್ತಾರೆ. ತೋರಿಸಿದ ಚಿತ್ರಕ್ಕೆ ಆ ಸಂಜೆಯ ಟಿಕೆಟ್ ಹಣದಲ್ಲಿ ಪಾಲು ಕೊಡುತ್ತೇವೆ. ಹೆಸರು ಬರುತ್ತದಲ್ಲ, ದುಡ್ಡು ಯಾಕೆ ಎಂಬ ಮಾತು ಈ ಹಾಲಿನಲ್ಲಿ ನಡೆಯುವುದಿಲ್ಲ. 1973ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂನವರು ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರ ಮುಂದೆ ಜಗತ್ತಿನ ಸಿನಿಮಾಗಳನ್ನು ಇಟ್ಟರು. ಜನ ಬಂದು ನೋಡಿದರು. ಧಾರವಾಡದವರು ಬರುವುದಿಲ್ಲ ಎಂದು ನಾವ್ಯಾಕೆ ಅಂದುಕೊಳ್ಳಬೇಕು?

ನಾಲ್ಕೂ ಶನಿವಾರ ಕಥಾಚಿತ್ರವೇ ಇರುತ್ತದೆಂದು ನಂಬಿ ವಾರ್ಷಿಕ ಶುಲ್ಕ ಕಟ್ಟಿದವರಿಗೆ ಈ ಬದಲಾವಣೆ ಬೇಡ ಅನಿಸಿದರೆ ಉಳಿದ ತಿಂಗಳುಗಳ ಅರ್ಧ ಶುಲ್ಕವನ್ನು ವಾಪಸ್ ಕೊಡುತ್ತೇವೆ. ಕಾರಣ ಹೇಳಬೇಕಿಲ್ಲ, ಪಾಸ್ ತೋರಿಸಿದರೆ ಸಾಕು. ಈ ತಿಂಗಳ ಕೊನೆಯವರೆಗೆ ಭಾನುವಾರ ಬಿಟ್ಟು ಎಲ್ಲ ದಿನ ಸಂಜೆ ಐದರಿಂದ ಎಂಟರವರೆಗೆ ಕಚೇರಿ ತೆರೆದಿರುತ್ತದೆ. ಒಂದೆರಡು ಸಂಜೆ ಬಂದು ನೋಡಿ ಆಮೇಲೆ ತೀರ್ಮಾನ ಮಾಡುತ್ತೇವೆ ಅನ್ನುವವರಿಗೆ ಮುಂದಿನ ಎರಡು ತಿಂಗಳೂ ಇದೇ ಅವಕಾಶ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ