ರದ್ದಿಗೆ ಹೋಗದಿರಲಿ ಬಾಹ್ಯಾಕಾಶದ ದಿನಚರಿ

ಮಾನ್ಯ ಸಂಪಾದಕರೇ,

ಶುಭಾಂಶು ಶುಕ್ಲಾ ಅವರು 2025ರ ಜೂನ್ 25ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಬರೆಯಬೇಕಾದದ್ದೇ. ಆದರೆ ಆ ನೌಕೆಯ ಕಮಾಂಡರ್, ಅಮೆರಿಕದ ಗಗನಯಾತ್ರಿ ಪೆಗ್ಗಿ ವಿಟ್ಸನ್ ಅವರ ಬಗ್ಗೆ ನಾಲ್ಕು ಸಾಲು ಓದಬೇಕೆಂದರೆ ನಾನು ಹುಡುಕಾಡಬೇಕಾಯಿತು. ನಾಸಾದಿಂದ 2018ರಲ್ಲೇ ನಿವೃತ್ತರಾಗಿದ್ದ ಅವರು ಖಾಸಗಿ ಯಾನದ ಸಾರಥ್ಯ ವಹಿಸಿ 2023ರಲ್ಲಿ ಒಮ್ಮೆ ಹೋಗಿಬಂದಿದ್ದರು. 65ನೆಯ ವಯಸ್ಸಿನಲ್ಲಿ ಮತ್ತೆ ಹೊರಟಾಗ ಜೊತೆಗಿದ್ದ ಮೂವರಿಗೂ ಅದು ಮೊದಲ ಯಾನವಾಗಿತ್ತು. ಅಂಥ ನೌಕೆಗೆ ನಿವೃತ್ತರೊಬ್ಬರನ್ನೇ ಏಕೆ ಕರೆದರು ಎಂಬುದನ್ನು ನಾವು ಹಾಸನದವರು ವಿಶೇಷವಾಗಿ ಯೋಚಿಸಬೇಕು.

ಇನ್ನೊಂದು ಪ್ರಸಂಗ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. 1978ರ ಆಗಸ್ಟ್‌ನಲ್ಲಿ ಹಾರಿದ ಐಎಸ್‌ಇಇ-3 ಎಂಬ ನಾಸಾದ ಮಾನವರಹಿತ ನೌಕೆಯನ್ನು ರಾಬರ್ಟ್ ಫಾರ್ಕರ್ ಎಂಬ ಕಕ್ಷಾತಜ್ಞರು ಚಂದ್ರನ ಸೆಳೆತವನ್ನೇ ಬಳಸಿಕೊಂಡು ದಾರಿ ತಿರುಗಿಸಿ, 1985ರ ಸೆಪ್ಟೆಂಬರ್‌ನಲ್ಲಿ ಧೂಮಕೇತುವೊಂದರ ಬಾಲದೊಳಗಿಂದ ಹಾಯಿಸಿದ್ದರು. 1997ರಲ್ಲಿ ನಾಸಾ ಅದರ ಕೆಲಸವನ್ನು ನಿಲ್ಲಿಸಿತು. ಅದರೊಡನೆ ಮಾತನಾಡುವ ಟ್ರಾನ್ಸ್‌ಮಿಟರ್‌ಗಳನ್ನೂ ಮುಂದೆ ಕಳಚಿಹಾಕಿದರು. ಆದರೆ 2014ರಲ್ಲಿ ಆ ನೌಕೆ ತಾನಾಗಿಯೇ ಭೂಮಿಯ ಸಮೀಪಕ್ಕೆ ಬರುತ್ತಿದ್ದಾಗ ಆಸಕ್ತರ ಗುಂಪೊಂದು ಜನರಿಂದ ಹಣ ಕೂಡಿಸಿ, ಹಳೆಯ ಕಾಗದಪತ್ರಗಳನ್ನೂ ಹಳಬರ ನೆನಪನ್ನೂ ಕೆದಕಿ, ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಅದನ್ನು ಕರೆಯಿತು. ನೌಕೆ ಓಗೊಟ್ಟಿತು! ಆ ಗುಂಪಿನೊಂದಿಗೆ 81 ವರ್ಷದ ಫಾರ್ಕರ್ ಅವರೂ ಇದ್ದರು. ಜುಲೈನಲ್ಲಿ ಅದರ ಎಂಜಿನ್‌ಗಳು 1987ರ ನಂತರ ಮೊದಲ ಬಾರಿಗೆ ಉರಿದವು. ಕೆಲವೇ ದಿನಗಳಲ್ಲಿ, ಇಂಧನವನ್ನು ಒತ್ತುವ ಸಾರಜನಕ ಖಾಲಿಯಾಗಿರುವುದು ತಿಳಿದು ದಾರಿ ಬದಲಿಸುವ ಪ್ರಯತ್ನ ಕೈಗೂಡಲಿಲ್ಲ. ಫಾರ್ಕರ್ ಮರುವರ್ಷ ತೀರಿಕೊಂಡರು. ಆದರೂ ಹಳೆಯ ಕಡತಗಳು ರದ್ದಿಯಾಗಿದ್ದರೆ ಆ ಕರೆಯೇ ಸಾಧ್ಯವಿರಲಿಲ್ಲ.

ಈಗ ನಮ್ಮೂರಿನ ಮಾತು. ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ ದೇಶದ ಉಪಗ್ರಹಗಳನ್ನು ನಡೆಸುತ್ತಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಮೇಲೇರಿದ ಇನ್ಸಾಟ್-1ಎ ಉಪಗ್ರಹ ಇಂಧನ ಬರಿದಾಗಿ ಸೆಪ್ಟೆಂಬರ್‌ನಲ್ಲಿ ಕೈತಪ್ಪಿತು. ಮರುವರ್ಷ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಯ ಸೌರಫಲಕ ಬಿಚ್ಚಿಕೊಳ್ಳದೆ ಎರಡು ವಾರ ಕಾಡಿತು. ಕೊನೆಗೆ ಬಿಚ್ಚಿಕೊಂಡ ಆ ಉಪಗ್ರಹವೇ ಏಳು ವರ್ಷ ದುಡಿದು ದೂರದರ್ಶನವನ್ನು ನಮ್ಮ ಹಳ್ಳಿಗಳವರೆಗೆ ತಂದಿತು. ಸುಮಾರು 36,000 ಕಿ.ಮೀ. ಎತ್ತರದ ನೌಕೆಗಳಿಗೆ ಹಾಸನದಲ್ಲಿ ಕುಳಿತೇ ಚುಕ್ಕಾಣಿ ಹಿಡಿದ ಕಪ್ತಾನರು ಇಂದು ನಮ್ಮ ನಿಮ್ಮ ಬೀದಿಗಳಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಡೆಯುತ್ತಿದ್ದಾರೆ.

ಅಂಥ ಹಿರಿಯರೊಬ್ಬರು ನಮ್ಮ ಎದುರುಮನೆಯವರು. ಕಳೆದ ತಿಂಗಳು ಹಳೇ ಪೇಪರ್‌ನವನ ತಕ್ಕಡಿಯ ಮೇಲೆ ದಪ್ಪ ರಟ್ಟಿನ ಆರು ನೋಟ್‌ಬುಕ್‌ಗಳನ್ನು ಕಂಡು ನಾನು ತಡೆದೆ. "ಆಫೀಸಿನ ದಾಖಲೆಯೆಲ್ಲ ಆಫೀಸಿನಲ್ಲಿದೆ ಮೇಷ್ಟ್ರೇ, ಇದು ನಾನು ಕಲಿಯಲಿಕ್ಕೆ ಬರೆದುಕೊಂಡದ್ದು" ಎಂದರು ಅವರು. ತೆರೆದರೆ ನೀಲಿ ಶಾಯಿಯ ಸಣ್ಣ ಅಕ್ಷರ, ಅಂಚಿನಲ್ಲಿ ಕಾಫಿ ಲೋಟದ ಗುರುತು. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಪುಟಗಳೇ ಹೆಚ್ಚು ಸವೆದಿದ್ದವು. ಆ ದಿನಗಳಲ್ಲಿ ನಡುರಾತ್ರಿಯ ಆಸುಪಾಸು ಉಪಗ್ರಹ ಭೂಮಿಯ ನೆರಳಿಗೆ ಸಿಕ್ಕಿ, ಹೆಚ್ಚೆಂದರೆ ಸುಮಾರು 72 ನಿಮಿಷ ಬ್ಯಾಟರಿಯ ಮೇಲೆಯೇ ಬದುಕಬೇಕಾಗುತ್ತದೆಯಂತೆ. ಒಂದೆಡೆ "ಬೆಳಕು ಬಂತು" ಎಂದು ಕನ್ನಡದಲ್ಲಿ ಬರೆದು ಕೆಳಗೆರಡು ಗೆರೆ ಎಳೆದಿದ್ದರು.

ಅವರನ್ನು ಒಂದು ಶಾಲೆಗೆ ಕರೆದೊಯ್ಯಲು ಹೋದಾಗ, ಪಠ್ಯದಲ್ಲಿಲ್ಲದ ವಿಷಯಕ್ಕೆ ಪೀರಿಯಡ್ ಕೊಡಲಾಗದೆಂದು ಹೇಳಿ ಕಳುಹಿಸಿದರು. ನಾಲ್ಕು ದಶಕ ಪಾಠ ಹೇಳಿದ ನನಗೆ ಇದು ಬಹಳ ನೋವು ತಂದಿತು. ಮತ್ತೊಂದು ಶಾಲೆ ಒಪ್ಪಿತು. ಒಂದು ಟಾರ್ಚು, ಒಂದು ಮೂಸಂಬಿ, ದಾರಕ್ಕೆ ಕಟ್ಟಿದ ಗುಂಡಿ ಇಷ್ಟರಲ್ಲೇ ಅವರು ಆ ನೆರಳನ್ನು ತೋರಿಸಿದರು. ಉಪಗ್ರಹ ಮುದಿಯಾದಾಗ ಏನು ಮಾಡುತ್ತೀರಿ ಎಂದು ಹುಡುಗಿಯೊಬ್ಬಳು ಕೇಳಿದಳು. ಉಳಿದ ಚೂರು ಇಂಧನದಲ್ಲಿ ಅದನ್ನು ಇನ್ನಷ್ಟು ಮೇಲಕ್ಕೆ ದೂಡಿ, ಬೇರೆಯವರ ದಾರಿಗೆ ಅಡ್ಡವಾಗದಂತೆ ಬಿಡುತ್ತಾರೆಂದು ಹೇಳಿ, 2007ರ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಸುಮಾರು 340 ಕಿ.ಮೀ. ಮೇಲೇರಿಸಿದ್ದನ್ನು ವಿವರಿಸಿದರು. ಅಷ್ಟು ಹೊತ್ತು ನಿಂತೇ ಇದ್ದ ಅವರಿಗೆ ಮಂಡಿನೋವಿನ ನೆನಪೇ ಇದ್ದಂತಿರಲಿಲ್ಲ.

ಜಿಲ್ಲಾಡಳಿತ ಮತ್ತು ಶಿಕ್ಷಣ ಇಲಾಖೆಯವರಲ್ಲಿ ನನ್ನ ಮನವಿ ಒಂದೇ: ಎಂಸಿಎಫ್‌ನ ಅನುಮತಿ ಪಡೆದು, ಗೋಪ್ಯವಲ್ಲದ ಇಂಥ ಅನುಭವಗಳನ್ನು ಈ ಹಿರಿಯರ ಬಾಯಿಂದಲೇ ಕನ್ನಡದಲ್ಲಿ ಧ್ವನಿಮುದ್ರಿಸಿ, ಜಿಲ್ಲಾ ಗ್ರಂಥಾಲಯದಲ್ಲಿ ಇಡಬೇಕು. 1982ರಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಷ್ಟು ವಯಸ್ಸೆಂದು ಲೆಕ್ಕ ಹಾಕಿದರೆ ಅವಸರ ಏಕೆಂದು ತಿಳಿಯುತ್ತದೆ. ಆ ಆರು ನೋಟ್‌ಬುಕ್‌ಗಳು ಸದ್ಯಕ್ಕೆ ಅವರ ಒಪ್ಪಿಗೆಯ ಮೇರೆಗೆ ನಮ್ಮ ಮನೆಯ ಕಪಾಟಿನಲ್ಲಿವೆ.

- ನಿವೃತ್ತ ವಿಜ್ಞಾನ ಶಿಕ್ಷಕ, ಹಾಸನ