ಅಗಸೆ ಕೆಡವುವ ಬದಲು ರಸ್ತೆಯನ್ನೇ ಸುತ್ತು ಹಾಕಿ ಒಯ್ಯಬಹುದು

ಮಾನ್ಯ ಸಂಪಾದಕರೇ,

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಸ್ತೆ ಅಗಲ ಮಾಡುವ ಮಾತು ಬಂದಾಗ ಮೊದಲು ಕಣ್ಣಿಗೆ ಬೀಳುವ ಅಡ್ಡಿಯೆಂದರೆ ಊರ ಅಗಸೆ, ಅಂದರೆ ಹಳೆಯ ಕಾಲದ ಕಲ್ಲಿನ ಹೆಬ್ಬಾಗಿಲು. ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಡಿಸುವುದಿಲ್ಲ, ಬಸ್ಸು ಒಳಗೆ ಬರುವುದಿಲ್ಲ, ಕಲ್ಲು ಸಡಿಲಾಗಿ ಯಾರ ತಲೆಯ ಮೇಲಾದರೂ ಬಿದ್ದೀತು ಎಂಬ ಕಾರಣಗಳನ್ನು ಮುಂದಿಟ್ಟು ಕೆಡವುವ ಠರಾವಿಗೆ ಬರುವುದು ಸುಲಭ. ಆ ಕಾರಣಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವುಗಳಲ್ಲಿ ಒಂದಕ್ಕೂ ಕೆಡವುವುದೇ ಪರಿಹಾರವಲ್ಲ.

ಅಗಸೆ ಶೋಭೆಗಾಗಿ ನಿಲ್ಲಿಸಿದ ಸ್ವಾಗತ ಕಮಾನಲ್ಲ. ತುರುಗಳನ್ನು ಹೊಡೆದೊಯ್ಯುವ ತುರುಗೋಳು, ಊರನ್ನೇ ಸೂರೆ ಮಾಡುವ ಊರಳಿವು ಇವುಗಳಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನ ಉದ್ದಗಲಕ್ಕೂ ಇವೆ. ಆ ಭಯ ಶಾಸನಗಳ ಕಾಲಕ್ಕೇ ಮುಗಿಯಲಿಲ್ಲ. 1817–18ರ ಯುದ್ಧದಲ್ಲಿ ಪಿಂಡಾರಿಗಳ ಬಲ ಮುರಿಯುವವರೆಗೂ ದಖ್ಖನ್ನಿನ ಹಳ್ಳಿಗಳು ಕುದುರೆಯೇರಿ ಬರುವ ಸುಲಿಗೆಗಾರರಿಗೆ ಹೆದರಿಯೇ ಬದುಕಿದವು. ಸುತ್ತ ಮಣ್ಣಿನ ಕೋಟೆಗೋಡೆ, ನಡುವೆ ಹುಡೇವು ಎಂಬ ಎತ್ತರದ ಕಾವಲು ಬುರುಜು, ಒಳಹೋಗಲು ಅಗಸೆ, ಇಷ್ಟು ಸೇರಿ ಒಂದು ಸಾಮಾನ್ಯ ಊರಿನ ರಕ್ಷಣಾ ವ್ಯವಸ್ಥೆಯಾಗಿತ್ತು. ಅರಸರ ಕೋಟೆಗಳ ಬಗ್ಗೆ ನಮಗೆ ಬೇಕಾದಷ್ಟು ಗೊತ್ತಿದೆ. ಒಕ್ಕಲಿಗರೂ ಕುಶಲಕರ್ಮಿಗಳೂ ತಮ್ಮನ್ನು ತಾವು ಹೇಗೆ ಕಾಯ್ದುಕೊಂಡರೆಂಬುದಕ್ಕೆ ಉಳಿದಿರುವ ಸಾಕ್ಷಿ ಈ ಅಗಸೆಗಳೇ.

ಆ ಸಾಕ್ಷಿಯನ್ನು ಓದಲು ತಜ್ಞರೇ ಬೇಕೆಂದಿಲ್ಲ. ಇಂದು ಹಿರಿಯರು ಕುಳಿತು ಮಾತಾಡುವ ಒಳಬದಿಯ ಕಟ್ಟೆಗಳು ಮೂಲತಃ ಕಾವಲಿನವರಿಗಾಗಿ ಕಟ್ಟಿದವು. ಎದುರುಬದುರು ಗೋಡೆಗಳಲ್ಲಿರುವ ಚೌಕ ಕಿಂಡಿಗಳು ಕದದ ಹಿಂದೆ ಅಡ್ಡತೊಲೆ ಹಾಕಲು ಮಾಡಿದವು. ಅವುಗಳಲ್ಲಿ ಒಂದು ಬಹಳ ಆಳವಾಗಿದ್ದರೆ, ಹಗಲಿನಲ್ಲಿ ಇಡೀ ತೊಲೆಯನ್ನು ಅದರೊಳಗೆ ಸರಿಸಿಡುತ್ತಿದ್ದರೆಂದು ತಿಳಿಯಬೇಕು. ದೊಡ್ಡ ಕದದಲ್ಲಿ ಕೊರೆದ ದಿಡ್ಡಿ ಬಾಗಿಲಿನಿಂದ ಒಮ್ಮೆಗೆ ಒಬ್ಬನೇ, ಅದೂ ತಲೆ ತಗ್ಗಿಸಿ ಬರಬೇಕಾಗಿತ್ತು. ಕದಗಳು ಹೋದ ಕಡೆಯೂ ಅವು ತಿರುಗುತ್ತಿದ್ದ ಕಲ್ಲಿನ ಕುಳಿಗಳು ಉಳಿದಿರುತ್ತವೆ. ಪಕ್ಕದಲ್ಲಿ ಅಗಸಿ ಹನುಮಪ್ಪನಿದ್ದಾನೆ. ಕಾರಹುಣ್ಣಿಮೆಯಂದು ಎತ್ತುಗಳು ಕರಿ, ಅಂದರೆ ಅಡ್ಡ ಕಟ್ಟಿದ ತೋರಣ, ಹರಿಯುವುದೂ ಎಷ್ಟೋ ಊರುಗಳಲ್ಲಿ ಇಲ್ಲಿಯೇ.

ಉಳಿಸುತ್ತೇವೆಂದು ಹೊರಟವರಿಂದಲೂ ಅಗಸೆಗಳಿಗೆ ಹಾನಿಯಾಗುತ್ತಿದೆ. ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಎರಡೂ ಪಕ್ಕಕ್ಕೂ ಒತ್ತುತ್ತದೆ. ಆ ಒತ್ತಡವನ್ನು ತಡೆಯುವುದು ಅಕ್ಕಪಕ್ಕದ ಗೋಡೆ. ಬಾಗಿಲನ್ನು ಮಾತ್ರ ಬಿಟ್ಟು ಎರಡೂ ಬದಿಯ ಗೋಡೆ ಕತ್ತರಿಸಿ ರಸ್ತೆ ಮಾಡಿದರೆ ಕಮಾನು ಅಗಲಕ್ಕೆ ಬಿಚ್ಚಿಕೊಳ್ಳತೊಡಗುತ್ತದೆ, ಆಮೇಲೆ ಅದೇ ಬಿರುಕನ್ನು ತೋರಿಸಿ ಅಪಾಯಕಾರಿ ಕಟ್ಟಡವೆಂದು ಬರೆಯಲಾಗುತ್ತದೆ. ಸುಣ್ಣದ ಗಾರೆಯ ಸಂದುಗಳಿಗೆ ಸಿಮೆಂಟ್ ಮೆತ್ತುವುದೂ ಅಷ್ಟೇ ಕೆಟ್ಟದ್ದು. ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಹೊರಗೆ ಕಲ್ಲು, ಒಳಗೆ ಮಣ್ಣು ತುಂಬಿದ ಗೋಡೆಯಲ್ಲಿ ನೀರು ನಿಂತು ಗೋಡೆ ಹೊಟ್ಟೆ ಬಿಡುತ್ತದೆ. ನೆತ್ತಿಯ ಮೇಲೆ ಬೇರೂರಿದ ಅರಳಿ ಸಸಿಯನ್ನು ಎಳೆಯದಾಗಿರುವಾಗಲೇ ತೆಗೆಯುವುದು, ಮೇಲ್ಭಾಗಕ್ಕೆ ಸುಣ್ಣದ ಗಾರೆ ಹಾಕಿ ನೀರು ಇಳಿಯದಂತೆ ಮಾಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ರಸ್ತೆಗೆ ಪದರದ ಮೇಲೆ ಪದರ ಕಾಂಕ್ರೀಟ್ ಸುರಿದು ಬಾಗಿಲಿನ ಎತ್ತರವನ್ನೇ ಕುಗ್ಗಿಸುವುದಂತೂ ನಿಲ್ಲಲೇಬೇಕು.

ರಾಜ್ಯದ ಪುರಾತನ ಸ್ಮಾರಕಗಳ 1961ರ ಕಾಯ್ದೆಯಡಿ 100 ವರ್ಷಕ್ಕೂ ಹಳೆಯದಾದ ಐತಿಹಾಸಿಕ ಕಟ್ಟಡವನ್ನು ಸಂರಕ್ಷಿತವೆಂದು ಘೋಷಿಸಲು ಅವಕಾಶವಿದೆ. ಆದರೆ ಹಳ್ಳಿಯ ಅಗಸೆಗಳಲ್ಲಿ ಬಹುಪಾಲು ಅಂಥ ಪಟ್ಟಿಯ ಹೊರಗೇ ಉಳಿದಿವೆ, ಮತ್ತು ಎಲ್ಲವನ್ನೂ ಇಲಾಖೆಯೇ ವಹಿಸಿಕೊಳ್ಳಲಿ ಎನ್ನುವುದು ನನ್ನ ಬೇಡಿಕೆಯೂ ಅಲ್ಲ. ಮೊದಲ ಹೆಜ್ಜೆ ಗ್ರಾಮ ಪಂಚಾಯಿತಿಯದು: ಅಗಸೆ, ಹುಡೇವು, ಉಳಿದ ಕೋಟೆಗೋಡೆಗಳನ್ನು ಅಳತೆ ಮತ್ತು ಛಾಯಾಚಿತ್ರ ಸಮೇತ ಊರಿನ ಸಾರ್ವಜನಿಕ ಆಸ್ತಿಯೆಂದು ದಾಖಲಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಭಾರಿ ವಾಹನಗಳಿಗೆ ಊರ ಹೊರಗಿನಿಂದ ದಾರಿ ಗುರುತಿಸಿ, ಅಗಸೆಯ ಕೆಳಗೆ ಪಾದಚಾರಿಗಳು, ಎತ್ತು ಮತ್ತು ಸಣ್ಣ ವಾಹನಗಳಿಗಷ್ಟೇ ಅವಕಾಶ ಕೊಡಬಹುದು. ಸಡಿಲಾದ ಕಲ್ಲಿನ ವಿಷಯದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ತಜ್ಞರ ಲಿಖಿತ ಅಭಿಪ್ರಾಯ ಬರುವವರೆಗೆ ಯಾವ ಗುತ್ತಿಗೆದಾರನೂ ಅಗಸೆಗೆ ಯಂತ್ರ ಹಚ್ಚದಂತೆ ಜಿಲ್ಲಾ ಪಂಚಾಯಿತಿಗಳು ಆದೇಶ ಹೊರಡಿಸಲಿ. ಈ ವರ್ಷದ ರಸ್ತೆ ಕಾಮಗಾರಿಗಳ ಟೆಂಡರ್ ಕರೆಯುವ ಮೊದಲೇ ಅದು ಆಗಲಿ ಎಂದು ವಿನಂತಿಸುತ್ತೇನೆ.

– ಒಬ್ಬ ಓದುಗ