ಬಡವರಿಗೇ ಖರ್ಚು ಜಾಸ್ತಿ

ಸಾಯನ್, ಮುಂಬೈ

ಚಿ. ಶ್ರೀಧರನಿಗೆ ಮಾಮನ ಆಶೀರ್ವಾದಗಳು.

ಮೊನ್ನೆ ಊಟಕ್ಕೆ ಬಂದಾಗ, "ಮೈ ಬಗ್ಗಿಸಿ ದುಡಿದರೆ ಯಾರೂ ಬಡವರಾಗಿ ಉಳಿಯಲ್ಲ ಮಾಮ" ಅಂದೆ. ಊಟದ ಹೊತ್ತಲ್ಲಿ ವಾದ ಬೇಡ ಅಂತ ನಾನು ಸುಮ್ಮನಿದ್ದೆ.

ನಮ್ಮ ಬಿಲ್ಡಿಂಗ್ ಕೆಳಗೆ ಸೊಪ್ಪು ಮಾರುವ ಕಲಬುರಗಿ ಕಡೆಯ ಹೆಂಗಸನ್ನು ನೋಡಿದ್ದೀಯಲ್ಲ? ನೀನು ಮಗ್ಗುಲು ಬದಲಿಸುವ ಹೊತ್ತಿಗೆ ಅವಳು ದಾದರ್ ಮಾರ್ಕೆಟ್‌ನಲ್ಲಿರುತ್ತಾಳೆ. ಮಾಲಿನ ದುಡ್ಡು ಬಡ್ಡಿಯವನದು. ಸಾವಿರ ಅಂತ ಬರೆದುಕೊಂಡು ಕೈಗೆ ಕೊಡುವುದು ಒಂಬೈನೂರು. ಸಂಜೆ ಪೂರ್ತಿ ಸಾವಿರ ಎಣಿಸಬೇಕು. ಒಂದೇ ದಿನಕ್ಕೆ ನೂರಕ್ಕೆ ಹನ್ನೊಂದು ರೂಪಾಯಿ ಬಡ್ಡಿ! ನಿನ್ನ ಬೈಕ್ ಸಾಲಕ್ಕೆ ವರ್ಷಕ್ಕೆ ಅಷ್ಟಾಗುತ್ತೇನೋ. ಇನ್ನು ಅವಳು ದುಡಿಯುವುದರಲ್ಲಿ ಏನು ಕಡಿಮೆ, ನೀನೇ ಹೇಳು.

ನೀರೂ ಹಾಗೇ. ನಮಗೆ ಪಾಲಿಕೆಯ ನೀರು ಸಾವಿರ ಲೀಟರಿಗೆ ಕೆಲವೇ ರೂಪಾಯಿ. ನಲ್ಲಿ ಇಲ್ಲದ ಜೋಪಡಿಯವರು ಕ್ಯಾನ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅನಧಿಕೃತ ಜೋಪಡಿಗಳಿಗೂ ನೀರು ಕೊಡಿ ಅಂತ 2014ರಲ್ಲಿ ಬಾಂಬೆ ಹೈಕೋರ್ಟೇ ಹೇಳಬೇಕಾಯಿತು. 2011ರ ಜನಗಣತಿ ಪ್ರಕಾರ ಈ ಊರಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನ ಜೋಪಡಪಟ್ಟಿಯವರು.

ನಿನ್ನ ಆಫೀಸಿರುವ ಲೋವರ್ ಪರೇಲ್ ಮೊದಲು ಬಟ್ಟೆ ಗಿರಣಿಗಳ ಜಾಗ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಜೊತೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕಿಳಿದರು. ಎಷ್ಟೋ ಜನರಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ಪಿಎಫ್, ಬೋನಸ್ ಇದ್ದ ನೌಕರಿ ಹೋಯಿತು, ಹಮಾಲಿ, ವಾಚ್‌ಮನ್ ಕೆಲಸ ಉಳಿಯಿತು. ಗಿರಣಿ ಜಾಗಕ್ಕೆ ಮಾತ್ರ ಚಿನ್ನದ ಬೆಲೆ ಬಂತು. ಆಸ್ತಿ ಇದ್ದವನಿಗೆ ಕೂತಲ್ಲೇ ಬೆಳೆಯುತ್ತದೆ ನೋಡು. 2022-23ರಲ್ಲಿ ದೇಶದ ಆದಾಯದಲ್ಲಿ ನೂರಕ್ಕೆ 22.6 ಪಾಲು ಎಲ್ಲರಿಗಿಂತ ಹೆಚ್ಚು ಗಳಿಸುವ ನೂರಕ್ಕೆ ಒಬ್ಬರಿಗೆ ಹೋಯಿತು ಅಂತ, ಆರ್ಥಿಕ ಅಸಮಾನತೆ ಅಧ್ಯಯನ ಮಾಡುವ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನವರ ಅಂದಾಜು.

ನೀನು ಕಷ್ಟಪಟ್ಟು ಓದಿದೆ, ನಿಜ. ಆದರೆ ಭಾವನಿಗೆ ಬ್ಯಾಂಕಿನಲ್ಲಿ ಕಾಯಂ ನೌಕರಿ ಇತ್ತು. ನಿನ್ನ ಫೀಸಿಗೆ ಅವರು ಬಡ್ಡಿಯವನ ಬಾಗಿಲು ತಟ್ಟಲಿಲ್ಲ, ಅಲ್ವಾ?

ದಾನಧರ್ಮದಿಂದ ಇದು ಬಗೆಹರಿಯುತ್ತದೆ ಅಂತ ನನಗನ್ನಿಸಲ್ಲ. ಕೆಲಸದ ಖಾತ್ರಿ ಬೇಕು, ಅಗ್ಗದ ಸಾಲ ಬೇಕು. 1972ರ ಬರದ ಹೊತ್ತಲ್ಲಿ ಮಹಾರಾಷ್ಟ್ರ ಉದ್ಯೋಗ ಖಾತ್ರಿಯನ್ನು ದೊಡ್ಡದಾಗಿ ನಡೆಸಿತು. 2005ರಲ್ಲಿ ದೇಶಕ್ಕೇ ಅಂಥ ಕಾಯ್ದೆ ಬಂತು. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಪಿಎಂ ಸ್ವನಿಧಿ ಅನ್ನುವ ಸರ್ಕಾರಿ ಸಾಲ ಯೋಜನೆ ಶುರುವಾಯಿತು. ಆಗ ಮೊದಲ ಸಾಲ 10,000 ರೂಪಾಯಿವರೆಗೆ, ಅಡಮಾನ ಬೇಡ. ಸೊಪ್ಪಿನವಳಿಗೆ ಅದು ಸಿಕ್ಕಿಲ್ಲ. ಅರ್ಜಿಗೆ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು, ಅವಳದು ಎಂದೋ ಬಂದ್ ಆಗಿದೆ.

ಭಾನುವಾರ ಲ್ಯಾಪ್‌ಟಾಪ್ ತಗೊಂಡು ಬಾ. ಮೊದಲು ಅವಳ ನಂಬರ್ ಸರಿಮಾಡಿಸುವ ದಾರಿ ನೋಡೋಣ, ಆಮೇಲೆ ಅರ್ಜಿ.

ನಿನ್ನ ಮಾಮ